ಅಂಕಣದ ನಡುವೆ ಇಳಿದವಳು

ಅವಳು ಹುಟ್ಟಿದ್ದು ಬಸ್ಸಿನಲ್ಲಿ. ಆಸ್ಪತ್ರೆಗೆ ಇನ್ನೂ ನಾಲ್ಕು ನಿಲ್ದಾಣ ಇರುವಾಗಲೇ, ಚಾಲಕ ಗಾಡಿಯನ್ನು ಪಕ್ಕಕ್ಕೆ ಹಾಕುವಷ್ಟೂ ಪುರಸೊತ್ತು ಕೊಡದೆ ಹೊರಗೆ ಬಂದಳಂತೆ. "ಇಳಿಯೋ ತನಕ ಕಾಯೋಕಾಗ್ಲಿಲ್ಲ ಇದಕ್ಕೆ" ಎಂದು ತಾಯಿ ಕೊನೆಯವರೆಗೂ ಹೇಳುತ್ತಿದ್ದಳು. ಅಪ್ಪ ಅದೇ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್. ಐದು ವರ್ಷ ಹಿರಿಯಳಾದ ಅಕ್ಕ, ತೊಟ್ಟಿಲಲ್ಲೂ ಸುತ್ತುತ್ತಿದ್ದ ಕೂಸನ್ನು ನೋಡಿ "ಬುಗುರಿ" ಎಂದಳು. ಆ ಹೆಸರೇ ನಿಂತಿತು. ಬುಗುರಿ ಮಾತ್ರ ನಿಲ್ಲಲಿಲ್ಲ.

ಮನೆ ಮೂರನೆಯ ಮಹಡಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ತಾಯಿಯ ಹೊಲಿಗೆ ಮೆಷಿನ್ನು, ಹಿಂದಿನದರಲ್ಲಿ ನಾಲ್ವರ ಹಾಸಿಗೆ, ನಡುವೆ ಹನ್ನೆರಡು ಹೆಜ್ಜೆಯ ಓಣಿ. ಆ ಓಣಿಯಲ್ಲಿ ಬುಗುರಿ ಬೆಳಗಿನಿಂದ ಸಂಜೆಯವರೆಗೆ ಓಡುತ್ತಿದ್ದಳು. ಕೆಳಗಿನ ಮನೆಯ ಗುಮಾಸ್ತರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿ ಕುಟ್ಟಿ ಕುಟ್ಟಿ ಸೋತರು. ಒಂದು ಭಾನುವಾರ ಅವರು ಚಹಾದ ಲೋಟ ಹಿಡಿದುಕೊಂಡೇ ಮೇಲೆ ಬಂದರು. ಲೋಟದಲ್ಲಿ ಎರಡು ಬೆರಳಗಲದ ಗಾರೆ ಬಿದ್ದಿತ್ತು. "ನೋಡಿ ಇವ್ರೇ, ಸಕ್ಕರೆ ನಾನೇ ಹಾಕ್ಕೊಳ್ತೀನಿ" ಎಂದಷ್ಟೇ ಹೇಳಿ, ಲೋಟವನ್ನು ಮೆಷಿನ್ನಿನ ಮೇಲಿಟ್ಟು ಇಳಿದು ಹೋದರು.

ಅವತ್ತು ತಾಯಿ ತನ್ನ ತಮ್ಮನಿಗೆ ಹೇಳಿ ಕಳಿಸಿದಳು. ಆತ ಊರೂರು ತಿರುಗಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವನು. "ಇವಳನ್ನ ಕರ್ಕೊಂಡು ಹೋಗಪ್ಪ. ಎಲ್ಲಿಗಾದ್ರೂ ಸರಿ. ಕತ್ತಲಾಗೋಕೆ ಮುಂಚೆ ಮಾತ್ರ ವಾಪಸ್ ತರಬೇಡ."

ಹೀಗೆ ಒಂಬತ್ತನೆಯ ವಯಸ್ಸಿನಲ್ಲಿ ಬುಗುರಿ ಸೋದರಮಾವನ ವ್ಯಾನು ಹತ್ತಿದಳು. ಒಳಗೆ ಅಡೆಗಲ್ಲು, ಸುತ್ತಿಗೆಗಳು, ಮೊಳೆಯ ಡಬ್ಬಿಗಳು, ಸುಟ್ಟ ಗೊರಸಿನ ವಾಸನೆ. ಊರಾಚೆ ಇಟ್ಟಿಗೆಗೂಡಿನ ಹಿಂದೆ ಒಂದು ಸವಾರಿ ಶಾಲೆಯಿತ್ತು. ಮಾವ ಕೆಲಸಕ್ಕೆ ಕೂತ ಹತ್ತೇ ನಿಮಿಷದಲ್ಲಿ ಇವಳು ಮೂರು ಡಬ್ಬಿ ಮೊಳೆಗಳನ್ನು ಒಂದಕ್ಕೊಂದು ಬೆರೆಸಿಟ್ಟಳು. ಮಾವ ಬೈಯಲಿಲ್ಲ. ಅವಳನ್ನು ಸೊಂಟ ಹಿಡಿದೆತ್ತಿ, ಲಾಳ ಹಾಕಿಸಿಕೊಂಡು ನಿಂತಿದ್ದ ಒಂದು ಮುದಿ ಹೆಣ್ಣು ಕುದುರೆಯ ಮೇಲೆ ಕೂರಿಸಿ, "ಸುತ್ತು ಹಾಕಮ್ಮ" ಎಂದು ಕುದುರೆಗೇ ಹೇಳಿದ. ಕುದುರೆ ಹೊರಟಿತು. ಕಾಲು ಗಂಟೆ ಕಳೆದರೂ ಸದ್ದಿಲ್ಲ. ಗಾಬರಿಯಿಂದ ತಿರುಗಿ ನೋಡಿದರೆ ಹುಡುಗಿ ನೆಟ್ಟಗೆ, ಕಣ್ಣು ಬಿಟ್ಟುಕೊಂಡು, ಉಸಿರಾಡುವುದನ್ನೂ ಮರೆತವಳ ಹಾಗೆ ಕೂತಿದ್ದಳು.

"ನಿದ್ದೆ ಬಂತೇನೇ?"

"ಶ್! ಮಾವ, ಇದಕ್ಕೆ ನಾಲ್ಕು ಕಾಲು!"

"ಅದಕ್ಕೇ ಕಣೇ ನಾಲ್ಕು ಲಾಳ ಹೊಡೀತಿರೋದು."

"ಅಲ್ಲ, ನಾಲ್ಕೂ ಬೇರೆ ಬೇರೆ ಗೊತ್ತಾಗ್ತಿದೆ."

ಇದನ್ನು ಕೇಳಿಸಿಕೊಂಡವರು ಶಾಲೆಯ ಮೇಷ್ಟ್ರು. ಸೊಂಟ ಮುರಿದು ಸವಾರಿ ನಿಲ್ಲಿಸಿದ್ದ, ಕೋಲೂರಿ ನಿಲ್ಲುವ ಒಣಕಲು ಮನುಷ್ಯ. ಲಾಯ ಗುಡಿಸಿದರೆ ಸವಾರಿ ಕಲಿಸುತ್ತೇನೆ ಎಂದರು. ಅವರು ಕಲಿಸುತ್ತಿದ್ದುದು ಓಟವಲ್ಲ, ಬೇಲಿ ಹಾರಿಸುವುದೂ ಅಲ್ಲ, ಡ್ರೆಸಾಜ್. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಮರಳಿನ ಅಂಕಣ. ಅಂಚಿನಲ್ಲಿ ಅಕ್ಷರಗಳ ಹಲಗೆಗಳು. ಸುತ್ತ ಕೂತ ತೀರ್ಪುಗಾರರು. ಯಾವ ಅಕ್ಷರದ ಬಳಿ ನಡಿಗೆ, ಎಲ್ಲಿ ಓಟ, ಎಲ್ಲಿ ಅಡ್ಡ ಹೆಜ್ಜೆ, ಎಲ್ಲಿ ನಿಂತಲ್ಲೇ ಕಾಲೆತ್ತಿ ಕುಣಿಯುವುದು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಕುದುರೆ ತನ್ನಿಷ್ಟಕ್ಕೆ ತಾನೇ ಇದೆಲ್ಲ ಮಾಡುತ್ತಿದೆ, ಸವಾರ ಸುಮ್ಮನೆ ಕೂತಿದ್ದಾನೆ ಎಂದು ಕಾಣಬೇಕು.

"ನೋಡೋರಿಗೆ ನೀನು ಪುಕ್ಕಟೆ ಸವಾರಿ ಹೋಗ್ತಿದ್ದೀಯ ಅನ್ನಿಸ್ಬೇಕು" ಎನ್ನುತ್ತಿದ್ದರು ಮೇಷ್ಟ್ರು. "ಕೆಲಸ ಕಂಡ್ರೆ ಕೆಲಸ ಕೆಟ್ಟಿತು."

ಬುಗುರಿಗೆ ಅದು ಒಗ್ಗಿತು. ಚಡಪಡಿಕೆ ಹೋಯಿತು ಎಂದಲ್ಲ, ಒಳಗೆ ಇಳಿಯಿತು. ನೆಲದ ಮೇಲೆ ಉಗುರು ಕಚ್ಚುತ್ತ, ಊಟದ ನಡುವೆ ನಾಲ್ಕು ಸಲ ಏಳುತ್ತಿದ್ದವಳು ಜೀನಿನ ಮೇಲೆ ಕೂತರೆ ಹೊರಗಿನಿಂದ ಕಂಬದ ಹಾಗೆ. ಒಳಗೆ ಮಾತ್ರ ಬೆರಳ ತುದಿಯಿಂದ ಬೆನ್ನಹುರಿಯವರೆಗೆ ಪ್ರತಿಯೊಂದೂ ಎಚ್ಚರ. ಯಾವ ಕಾಲು ಯಾವಾಗ ನೆಲ ಬಿಟ್ಟಿತು, ಯಾವುದು ಕೂದಲೆಳೆಯಷ್ಟು ತಡವಾಯಿತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಹದಿನೆಂಟಕ್ಕೆ ಅವಳು ಊರು ಬಿಟ್ಟಳು, ಇಪ್ಪತ್ತೊಂದಕ್ಕೆ ಗಡಿ ದಾಟಿದಳು. ಸ್ವಂತ ಕುದುರೆ ಇಲ್ಲದ ಸವಾರಿಣಿಯ ಬದುಕೆಂದರೆ ಬಾಡಿಗೆ ಮನೆಗೆ ಸುಣ್ಣ ಬಳಿದ ಹಾಗೆ. ಯಾರದೋ ಮರಿಯನ್ನು ಆರು ವರ್ಷ ತಿದ್ದಿ ತೀಡಿ ಅಂತರರಾಷ್ಟ್ರೀಯ ಅಂಕಣಕ್ಕೆ ತಂದು ನಿಲ್ಲಿಸುವುದು. ನಾಲ್ಕು ಜನ ಭೇಷ್ ಎನ್ನುವಷ್ಟರಲ್ಲಿ ಒಡೆಯರು ಅದನ್ನು ಮಾರುವುದು. ಒಟ್ಟೊಟ್ಟಿಗೆ ಎರಡು ಮೂರನ್ನು ತಿದ್ದುತ್ತಿದ್ದ ಅವಳ ಕೈಯಿಂದ ಹಾಗೆ ಏಳು ಕುದುರೆ ಹೋದವು. ಪ್ರತಿಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂದನ್ನಂತೂ ಅಭ್ಯಾಸದ ನಡುವೆಯೇ ಇಬ್ಬರು ಬಂದು ಒಯ್ದರು. ಬೆವರಿದ್ದ ಕುದುರೆಯ ಜೀನು ಬಿಚ್ಚಿ, ಮೈ ಒರೆಸಿ, ಅವಳೇ ಲಾರಿ ಹತ್ತಿಸಿದಳು. ಆಮೇಲೆ ಖಾಲಿ ಲಾಯವನ್ನು ಮೂರು ಸಲ ತೊಳೆದಳು. ಅದೇ ಲಾರಿಯ ಚಾಲಕ ಒಮ್ಮೆ ಮದುವೆಯಾಗೋಣ ಎಂದಿದ್ದ. ಈ ಪಂದ್ಯ ಮುಗಿಯಲಿ, ಆ ಪಂದ್ಯ ಮುಗಿಯಲಿ ಎಂದು ಇವಳು ಎರಡು ವರ್ಷ ದೂಡಿದಳು. ಅವನು ಅಂಚೆ ಕಚೇರಿಯಲ್ಲಿ ಕೂತು ಕೆಲಸ ಮಾಡುವವಳೊಬ್ಬಳನ್ನು ಮದುವೆಯಾದ.

ಊರಿಗೆ ಬಂದರೆ ಉಳಿಯುತ್ತಿದ್ದುದು ಅಕ್ಕನ ಹತ್ತಿರ. ತಾಯಿಯ ಮೆಷಿನ್ನು ಈಗ ಅಕ್ಕನದು. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಅವಳ ಹೊಲಿಗೆ ಅಂಗಡಿ. ತಂಗಿಯ ಪಂದ್ಯದ ಉಡುಪು, ಹಿಂದೆ ಎರಡು ಬಾಲವಿರುವ ಆ ಕಪ್ಪು ಕೋಟು, ಅಕ್ಕನೇ ಹೊಲಿದದ್ದು.

"ಇದು ನಿಂತಾಗ ಚೆನ್ನಾಗಿ ಕಾಣ್ಬೇಕೋ, ಕೂತಾಗಲೋ?" ಎಂದು ಕೇಳಿದ್ದಳು ಅಕ್ಕ.

"ಕೂತಾಗ."

"ನೀನು ಹುಟ್ಟಿದಾಗಿನಿಂದ ಕೂತಿದ್ದನ್ನ ನಾನು ನೋಡಿಲ್ಲ. ಅಳತೆ ಹೇಗೆ ತಗೊಳ್ಳಲೇ?"

ಕೊನೆಗೆ ಇಸ್ತ್ರಿ ಮೇಜಿನ ಮೇಲೆ ಎರಡು ದಿಂಬು ಹಾಕಿ, ಅದರ ಮೇಲೆ ಕಾಲು ಅಗಲಿಸಿ ಕೂರಿಸಿ ಅಳತೆ ತೆಗೆದಳು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಎಂಟನೆಯದು ಬೂದಿ. ಕಾಗದಪತ್ರದಲ್ಲಿ ಅವನಿಗೆ ಮೂರು ಪದಗಳ ಭಾರೀ ಹೆಸರಿತ್ತು. ಲಾಯದಲ್ಲಿ ಬಣ್ಣ ನೋಡಿ ಬೂದಿ ಎಂದರು. ಒಡತಿ ಹೆಂಚಿನ ಕಾರ್ಖಾನೆಗಳನ್ನು ನಡೆಸುತ್ತಿದ್ದ ವಿಧವೆ. ಬರೀ ಫೋಟೋ ನೋಡಿ ಆರು ವರ್ಷದ ಕುದುರೆ ಕೊಂಡಿದ್ದಳು. ಬಂದಾಗ ಅವನಿಗೆ ಅಂಕಣದ ಅಂಚಿನ ಹೂಕುಂಡ ಕಂಡರೆ ಸಾಕು, ಎದೆ ನಡುಗುತ್ತಿತ್ತು. ಬುಗುರಿಗೆ ಆಗ ಮೂವತ್ತೆಂಟು. ಎಂಟು ತಿಂಗಳು ಅವಳು ಹೂಕುಂಡಗಳ ನಡುವೆಯೇ ಅವನಿಗೆ ಮೇವು ಹಾಕಿದಳು. ಕೊನೆಗೆ ಅವನು ಹೆದರುವುದನ್ನು ಬಿಟ್ಟು ಹೂ ತಿನ್ನತೊಡಗಿದ.

ಇಬ್ಬರದೂ ಒಂದೇ ಜಾತಕ ಎನ್ನುವ ಹಾಗಿತ್ತು. ಅವನೂ ಲಾಯದಲ್ಲಿ ನಿಂತಲ್ಲಿ ನಿಲ್ಲದವನು, ಅಂಕಣಕ್ಕೆ ಇಳಿದರೆ ಗಂಭೀರ. ಮೊದಲ ವಿದೇಶಿ ಪಂದ್ಯದಲ್ಲಿ ಹನ್ನೊಂದನೆಯ ಸ್ಥಾನ, ಮರುವರ್ಷ ಆರು, ಆಮೇಲೆ ನಾಲ್ಕು. ಲಾರಿಯಲ್ಲಿ ಗಡಿಗಡಿಗೆ ತಿರುಗಾಟ. ಕುದುರೆಗೂ ಪಾಸ್‌ಪೋರ್ಟ್ ಇರುತ್ತದೆ. ಅದರಲ್ಲಿ ಮೈಮೇಲಿನ ಸುಳಿಗಳ ಚಿತ್ರ ಬರೆದಿರುತ್ತಾರೆ. ಗಡಿಯ ಅಧಿಕಾರಿಯೊಬ್ಬ ಬೂದಿಯ ಸುಳಿಗಳನ್ನೆಲ್ಲ ಎಣಿಸಿ ತೃಪ್ತನಾಗಿ, ಬುಗುರಿಯ ಫೋಟೋ ನೋಡಿ "ಇದು ನೀವೇನಾ?" ಎಂದು ಅನುಮಾನಪಟ್ಟಿದ್ದ.

ಅವಳಿಗೆ ನಲವತ್ತಮೂರು ತುಂಬಿದ ವರ್ಷ, ಹದಿನಾಲ್ಕು ದೇಶಗಳ ಚಾಂಪಿಯನ್‌ಶಿಪ್ಪಿಗೆ ಇಬ್ಬರೂ ಆಯ್ಕೆಯಾದರು. ಅದಕ್ಕೆ ಒಂದು ತಿಂಗಳಿರುವಾಗ ಒಡತಿ ಲಾಯಕ್ಕೆ ಬಂದಳು. ಜೊತೆಗೆ ಒಬ್ಬ ಶ್ರೀಮಂತ, ಅವನ ಹತ್ತೊಂಬತ್ತರ ಮಗಳು.

"ಮಾತು ಮುಗಿದಿದೆ" ಎಂದಳು ಒಡತಿ. "ಚಾಂಪಿಯನ್‌ಶಿಪ್ ನೀನೇ ಮಾಡು. ಆಮೇಲೆ ಇವರದ್ದು."

"ಆಯ್ತು ಅಮ್ಮಾವ್ರೇ" ಎಂದಳು ಬುಗುರಿ. ಎಂಟನೆಯ ಸಲ. ಅಳು ಬರಲಿಲ್ಲ, ಕೈ ಮಾತ್ರ ಬಕೆಟ್ಟಿನ ಹಿಡಿಯನ್ನು ತಿರುಗಿಸುತ್ತಲೇ ಇತ್ತು. ಹುಡುಗಿ ಹಿಂದೆ ಉಳಿದು ಮೆಲ್ಲಗೆ ಕೇಳಿದಳು: "ಅಕ್ಕಾ, ಇವನಿಗೆ ಏನು ಇಷ್ಟ?"

"ಹೂವು" ಎಂದು ಮುಖ ಕೊಡದೆ ಹೇಳಿ ಹೋದಳು ಬುಗುರಿ.

ಪಂದ್ಯದ ಹಿಂದಿನ ದಿನ ವೈದ್ಯರ ಮುಂದೆ ಕುದುರೆಗಳನ್ನು ಓಡಿಸಿ ತೋರಿಸಬೇಕು. ಬೂದಿ ಸಲೀಸಾಗಿ ಪಾಸಾದ. ಮರುದಿನ ಬೆಳಗ್ಗೆ ಹತ್ತೂವರೆಗೆ ಅವಳು ಅಭ್ಯಾಸದ ಅಂಗಳದಲ್ಲಿ ಅವನ ಮೈ ಬಿಸಿ ಮಾಡುತ್ತಿದ್ದಳು. ಇಪ್ಪತ್ತು ನಿಮಿಷ ಎಲ್ಲ ಸರಿಯಿತ್ತು. ತಿರುವಿನಲ್ಲಿ ಒಂದು ಹೆಜ್ಜೆ, ಒಂದೇ ಒಂದು, ಎಡ ಹಿಂಗಾಲು, ಮಾತಿನ ನಡುವೆ ಅಕ್ಷರವೊಂದು ತೊದಲಿದ ಹಾಗೆ ಕೇಳಿಸಿತು. ಮತ್ತೆ ಇಲ್ಲ. ಅದೇ ತಿರುವಿನಲ್ಲಿ ಹತ್ತು ಸಲ ತಿರುಗಿಸಿದಳು. ಇಲ್ಲ.

ಮಾವನನ್ನು ಕರೆದಳು. ಎಪ್ಪತ್ತು ದಾಟಿದ್ದರೂ ಬೂದಿಯ ಲಾಳಕ್ಕೆ ತಾನೇ ಬೇಕೆಂದು ಬಂದಿದ್ದ. ಅವನು ಕಾಲನ್ನು ಮೇಲಿಂದ ಕೆಳಗೆ ಸವರಿದ. "ತಣ್ಣಗಿದೆ. ಲಾಳ ಬಿಗಿಯಾಗಿದೆ." ತಂಡದ ವೈದ್ಯೆ ಬಂದು ಅತ್ತಿತ್ತ ಓಡಿಸಿ ನೋಡಿದಳು. "ನನಗೇನೂ ಕಾಣ್ತಿಲ್ಲ." ಒಡತಿ ಕೈಗಡಿಯಾರ ನೋಡಿದಳು.

"ನಿನಗೆ ಹೆದರಿಕೆ ಅಷ್ಟೇ. ದೊಡ್ಡ ಪಂದ್ಯ, ಸಹಜ. ನಡಿ."

ಹೆದರಿಕೆಯೇ ಇರಬಹುದು ಎಂದುಕೊಂಡಳು. ಅದಕ್ಕಿಂತ ಕೆಟ್ಟ ಯೋಚನೆಯೂ ಬಂತು: ಕುದುರೆ ಕೈಬಿಟ್ಟು ಹೋಗುತ್ತಿದೆ, ಆ ಹೊಟ್ಟೆಯುರಿಗೆ ಮೈಯೇ ಸುಳ್ಳು ಹೇಳುತ್ತಿದೆಯೇ? ಕರೆ ಬಂತು. ಅಂಕಣಕ್ಕೆ ಹೋದಳು.

ನಡುಗೆರೆಯಲ್ಲಿ ಬಂದು ನಿಂತು ತಲೆಬಾಗಿದಳು. ಬೂದಿ ಶಿಲೆಯ ಹಾಗೆ ನಿಂತ. ಹೊರಟರು. ಆ ದಿನ ಅವನು ನಡೆದ ಹಾಗೆ ಎಂದೂ ನಡೆದಿರಲಿಲ್ಲ ಎಂದು ನೋಡಿದವರು ಈಗಲೂ ಹೇಳುತ್ತಾರೆ. ಮೊದಲ ಅಡ್ಡ ಹೆಜ್ಜೆಗೇ ಎಂಟು, ಎಂಟೂವರೆ ಬೀಳುತ್ತಿದ್ದವು. ಅಂಕಗಳ ಫಲಕದಲ್ಲಿ ಅವಳ ಹೆಸರು ಎರಡನೆಯ ಸಾಲಿಗೆ ಏರಿತ್ತು, ಅವಳಿಗದು ಕಾಣುತ್ತಿರಲಿಲ್ಲ. ಕಾಲೆತ್ತಿ ತೇಲುವ ನಿಧಾನದ ಓಟ ಶುರುವಾದಾಗ, ತಿರುವಿನಲ್ಲಿ, ಎಡ ಹಿಂಗಾಲು ಮತ್ತೆ ತೊದಲಿತು. ಎಂಟು ಹೆಜ್ಜೆ ಸರಿ. ಮತ್ತೊಮ್ಮೆ.

ಅವಳು ಲಗಾಮನ್ನು ಒಂದು ಕೈಗೆ ತೆಗೆದುಕೊಂಡು, ಪಂದ್ಯ ಬಿಡುತ್ತೇನೆಂದು ಇನ್ನೊಂದು ಕೈ ಎತ್ತಿದಳು. ತೀರ್ಪುಗಾರರ ಕಡೆ ತಲೆಬಾಗಿ, ಅಂಕಣದ ನಟ್ಟನಡುವೆ ಇಳಿದಳು. ಜೀನಿನ ಪಟ್ಟಿ ಸಡಿಲಿಸಿ, ಮರಳಿನಲ್ಲಿ ಬೂಟು ಹೂತುಕೊಳ್ಳುತ್ತ ಅವನನ್ನು ನಡೆಸಿಕೊಂಡು ಹೊರಟಳು. ಏನಾಯಿತೆಂದು ತಿಳಿಯದೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿ ಅರ್ಧಕ್ಕೆ ನಿಲ್ಲಿಸಿದರು.

ಆಮೇಲಿನ ಎರಡು ದಿನ ಬೂದಿಯನ್ನು ಮೂವರು ವೈದ್ಯರು ನೋಡಿದರು. ಎಕ್ಸ್‌ರೇ ತೆಗೆದರು, ಸ್ಕ್ಯಾನ್ ಮಾಡಿದರು, ಗಟ್ಟಿ ನೆಲದಲ್ಲಿ ಓಡಿಸಿದರು, ಮೆತ್ತನೆಯದರಲ್ಲಿ ಓಡಿಸಿದರು. ಏನೂ ಸಿಗಲಿಲ್ಲ. ವಿಡಿಯೋವನ್ನು ನಿಧಾನಗತಿಯಲ್ಲಿ ಹಾಕಿ ನೋಡಿದರೂ ಏನೂ ಕಾಣಲಿಲ್ಲ.

"ಐದು ವರ್ಷದ ಕೆಲಸವನ್ನ ಅರ್ಧ ನಿಮಿಷದಲ್ಲಿ ಮಣ್ಣುಪಾಲು ಮಾಡಿದೆಯಲ್ಲ" ಎಂದಳು ಒಡತಿ. ಅವಳ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಿತ್ತು. "ನಿನ್ನದೇ ಕೆಲಸ ಕಣೇ. ನಾನೇನು ಮಾಡಿದ್ದೆ? ಫೋಟೋ ನೋಡಿ ಕೊಂಡಿದ್ದೆ ಅಷ್ಟೇ."

ಒಂದು ತಿಂಗಳು ವಿಶ್ರಾಂತಿ ಕೊಟ್ಟು, ಕೊಳ್ಳುವವರ ವೈದ್ಯರೂ ಸರಿ ಎಂದ ಮೇಲೆ, ಬೂದಿ ಹುಡುಗಿಯ ಲಾಯಕ್ಕೆ ಹೋದ. ಬುಗುರಿ ಅಕ್ಕನ ಅಂಗಡಿಗೆ ಬಂದಳು.

ಅವಳ ಬದುಕಿನಲ್ಲಿ ಅಷ್ಟು ಕೆಟ್ಟ ಚಳಿಗಾಲ ಇನ್ನೊಂದಿರಲಿಲ್ಲ. ಅಂಗಡಿಯಲ್ಲಿ ಕಾಜಾ ಹೊಲಿಯಲು ಕೂತವಳು ಮೂರನೆಯ ಗುಂಡಿಗೆ ಏಳುತ್ತಿದ್ದಳು. ಮಾರುಕಟ್ಟೆಯ ಸುತ್ತ ಒಂದು ಸುತ್ತು, ಮತ್ತೆ ಬಂದು ಫೋನಿನಲ್ಲಿ ಅದೇ ವಿಡಿಯೋ. ತಿರುವು, ಎಂಟು ಹೆಜ್ಜೆ, ಎತ್ತಿದ ಕೈ. ಹಿಂದಕ್ಕೆ. ಮತ್ತೆ ತಿರುವು. ಸವಾರರ ನಡುವೆ ಅವಳಿಗೀಗ ಹೊಸ ಹೆಸರು ಬಿದ್ದಿದೆಯೆಂದು ಮಾವ ಬಾಯಿತಪ್ಪಿ ಹೇಳಿಬಿಟ್ಟಿದ್ದ: "ಇಳಿದವಳು".

ಒಂದು ಮಧ್ಯಾಹ್ನ ಅಕ್ಕ ಮೆಷಿನ್ನು ನಿಲ್ಲಿಸಿದಳು. "ಲೇ, ಆ ಕುದುರೆ ಕುಂಟೋ ತನಕ ನೋಡ್ತಾ ಇರ್ತೀಯಾ?"

ಬುಗುರಿ ಫೋನು ಕೆಳಗಿಟ್ಟಳು. ಅಕ್ಕ ಸೂಜಿ ಚುಚ್ಚಿದ್ದು ಸರಿಯಾದ ಜಾಗಕ್ಕೇ. ಬೂದಿ ಕುಂಟಿದರೆ ಅವಳ ಮಾತು ನಿಜವಾಗುತ್ತಿತ್ತು. ಕುಂಟದಿದ್ದರೆ ಅವನು ಚೆನ್ನಾಗಿದ್ದಾನೆ ಎಂದರ್ಥ, ಅವಳು ಹುಚ್ಚಿ ಎಂದರ್ಥ. ಎರಡನ್ನೂ ಅವಳು ಒಟ್ಟಿಗೆ ಬಯಸುತ್ತಿದ್ದಳು.

"ಕುಂಟಬಾರದು ಅಂತಾನೇ ಅಂದ್ಕೊಳ್ತೀನಿ ಅಕ್ಕ" ಎಂದಳು. "ಆದ್ರೆ ಪೂರ್ತಿಯಾಗಿ ಅಂದ್ಕೊಳ್ಳೋಕೆ ಆಗ್ತಿಲ್ಲ."

ಬೂದಿ ಕುಂಟಲಿಲ್ಲ. ಮರುವರ್ಷ ಹುಡುಗಿ ಅವನ ಮೇಲೆ ಎಂಟನೆಯವಳಾದಳು; ಅದರ ಮರುವರ್ಷ ಅದೇ ಚಾಂಪಿಯನ್‌ಶಿಪ್ಪಿನಲ್ಲಿ ಮೂರನೆಯವಳು. ಬುಗುರಿ ಅದನ್ನು ಟಿವಿ ಅಂಗಡಿಯ ಗಾಜಿನಾಚೆ, ನಿಂತು ನೋಡಿದಳು. ಹುಡುಗಿ ಕುದುರೆಯ ಕತ್ತು ತಬ್ಬಿಕೊಂಡಳು. ಬುಗುರಿ ನೇರವಾಗಿ ಮಾವನ ಮನೆಗೆ ನಡೆದಳು.

"ಮಾವ, ನಿಜ ಹೇಳು. ಆವತ್ತು ಅವನಿಗೇನೂ ಆಗಿರ್ಲಿಲ್ಲ, ಅಲ್ವಾ?"

ಮಾವ ಅಂಗೈ ಉಜ್ಜಿಕೊಂಡ. "ನೀನು ಆವತ್ತು ಇಳಿದಿದ್ದಕ್ಕೇ ಇವತ್ತು ಓಡ್ತಿರಬಹುದು. ಇಳಿಯದೆ ಇದ್ದಿದ್ರೂ ಓಡ್ತಿದ್ದನೋ ಏನೋ. ನಾನು ಲಾಳ ಹೊಡೆಯೋನು ಕಣಮ್ಮ, ಕಣಿ ಹೇಳೋನಲ್ಲ."

ಅವಳಿಗೆ ಅದು ಸಮಾಧಾನ ಕೊಡಲಿಲ್ಲ. ಅಂಗಡಿಗೆ ಮರಳಿ ಕಾಜಾ ಹೊಲಿದಳು, ಒಂದೆರಡು ಕಡೆ ಮಕ್ಕಳಿಗೆ ಸವಾರಿ ಕಲಿಸಿದಳು, ಎಲ್ಲೂ ಆರು ತಿಂಗಳು ನಿಲ್ಲಲಿಲ್ಲ. ಆಗ ಒಂದು ದಿನ ಫೋನು ಬಂತು. ಆವತ್ತು ಬೂದಿಯನ್ನು ಓಡಿಸಿ ನೋಡಿದ್ದ ವೈದ್ಯೆ.

"ಒಂದು ಕುದುರೆ ಇದೆ. ಒಡೆಯರು ಅದಕ್ಕೇನೋ ಸರಿಯಿಲ್ಲ ಅಂತಾರೆ, ನನ್ನ ಯಂತ್ರಗಳು ಸರಿಯಿದೆ ಅಂತಾವೆ. ನೀವು ಬಂದು ಒಂದ್ಸಲ ಕೂತು ನೋಡ್ತೀರಾ?"

"ನನ್ನ ಮಾತನ್ನ ಯಾರು ನಂಬ್ತಾರೆ?"

"ನಾನೂ ಆವತ್ತು ನಂಬಲಿಲ್ಲ. ಆವತ್ತಿಂದ ಅದೇ ಯೋಚನೆ ನನಗೆ. ಬನ್ನಿ."

ಬುಗುರಿ ಹೋದಳು. ಏಳು ನಿಮಿಷ ಕೂತು ಇಳಿದು, "ಮುಂದಿನ ಬಲಗಾಲು. ಆದ್ರೆ ಗೊರಸಲ್ಲ, ಮೇಲೆ, ಭುಜ" ಎಂದಳು. ವೈದ್ಯೆ ಭುಜವನ್ನು ಮತ್ತೆ ಸ್ಕ್ಯಾನ್ ಮಾಡಿದಳು. ಸ್ನಾಯುವಿನ ಆಳದಲ್ಲಿ ಹಳೆಯ ಗಾಯವೊಂದು ಸಿಕ್ಕಿತು.

ಹಾಗೆ ಶುರುವಾಯಿತು ಅವಳ ಇನ್ನೊಂದು ಕಸುಬು. ಮಾವನ ಹಳೆಯ ವ್ಯಾನು ತೆಗೆದುಕೊಂಡು ಲಾಯದಿಂದ ಲಾಯಕ್ಕೆ ಹೊರಟಳು. ಎಲ್ಲ ಸಲವೂ ಸರಿಯಾಗುತ್ತಿತ್ತು ಎಂದೇನಿಲ್ಲ. ಹತ್ತರಲ್ಲಿ ಎರಡು ತಪ್ಪುತ್ತಿದ್ದವು, ಅದನ್ನು ಅವಳೇ ಮೊದಲು ಹೇಳುತ್ತಿದ್ದಳು. ಪಂದ್ಯಗಳಿಗೂ ಮರಳಿದಳು. ಎರವಲು ಕುದುರೆಗಳ ಮೇಲೆ ಐವತ್ತರವರೆಗೆ ದೇಶದೇಶದ ಅಂಕಣಗಳಲ್ಲಿ ಸವಾರಿ ಮಾಡಿದಳು. ಪದಕ ಬರಲಿಲ್ಲ. ಒಮ್ಮೆ ಐದನೆಯ ಸ್ಥಾನ ಬಂದಾಗ ಅಕ್ಕ ಅಂಗಡಿಯ ಬಾಗಿಲಿಗೆ ಪತ್ರಿಕೆಯ ತುಂಡು ಅಂಟಿಸಿದಳು. ಚಿತ್ರದಲ್ಲಿ ಮುಖ ಕಾಣುತ್ತಿರಲಿಲ್ಲ, ಕೋಟು ಚೆನ್ನಾಗಿ ಕಾಣುತ್ತಿತ್ತು.

ಆ ಹುಡುಗಿಯ ಕರೆ ಬಂದದ್ದು ಬೂದಿಗೆ ಹದಿನೇಳು ತುಂಬಿದಾಗ.

"ಅಕ್ಕಾ, ಎಲ್ಲರೂ ಇನ್ನೊಂದು ಚಾಂಪಿಯನ್‌ಶಿಪ್ ಮಾಡಿಸಬಹುದು ಅಂತಾರೆ. ನನಗೆ ಮನಸ್ಸು ಕೂರ್ತಿಲ್ಲ. ನೀವು ಬರ್ತೀರಾ?"

ಮುನ್ನೂರು ಮೈಲಿ ದಾರಿ. ಎಲ್ಲೂ ನಿಲ್ಲಿಸದೆ ಹೋದಳು. ಬೂದಿ ಈಗ ಬೂದಿಯಾಗಿರಲಿಲ್ಲ, ಬಿಳಿಯಾಗಿದ್ದ. ಅವಳನ್ನು ಕಂಡು ಕುಣಿಯಲೂ ಇಲ್ಲ, ಕೆನೆಯಲೂ ಇಲ್ಲ. ಜೇಬು ಮೂಸಿ ಏನೂ ಇಲ್ಲವೆಂದು ತಿಳಿದು ಮುಖ ತಿರುಗಿಸಿದ. ಅವಳು ಹತ್ತಿದಳು. ನಡೆಸಿದಳು, ಓಡಿಸಿದಳು, ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಎಡ ಹಿಂಗಾಲನ್ನು ಕಿವಿಯಿಟ್ಟು ಕೇಳಿದಳು. ಮುಕ್ಕಾಲು ಗಂಟೆ. ನಾಲ್ಕೂ ಕಾಲು ಗಡಿಯಾರದ ಹಾಗೆ.

ಇಳಿದಳು. ಏನಾದರೊಂದು ಹೇಳಿಬಿಡಬಹುದಿತ್ತು. ಹೇಳಿದ್ದರೆ ಈ ಹುಡುಗಿ ನಂಬುತ್ತಿದ್ದಳು. ಆರು ವರ್ಷದ ಹಿಂದಿನ ಮಾತಿಗೂ ಬೆಲೆ ಬರುತ್ತಿತ್ತು.

"ಏನೂ ಇಲ್ಲ" ಎಂದಳು ಬುಗುರಿ. "ಚೆನ್ನಾಗಿದ್ದಾನೆ. ಕರ್ಕೊಂಡು ಹೋಗು."

ಹುಡುಗಿ ಲಗಾಮು ಹಿಡಿದುಕೊಂಡಳು. "ಹಾಗಾದ್ರೆ ಆವತ್ತು ಏನಾಗಿತ್ತು ಅಕ್ಕಾ?"

"ನನಗೆ ಕೇಳಿಸಿತ್ತು. ಏನು ಅಂತ ಇವತ್ತಿಗೂ ಗೊತ್ತಿಲ್ಲ."

"ಆವತ್ತು ನಾನು ಕಂಬಿ ಹತ್ತಿರಾನೇ ನಿಂತಿದ್ದೆ" ಎಂದಳು ಹುಡುಗಿ. "ಅಪ್ಪ ಇದು ಬೇಡ, ಬೇರೆ ನೋಡೋಣ ಅಂದ್ರು. ನಾನೇ ಹಟ ಹಿಡಿದು ಇವನನ್ನೇ ತಗೊಂಡೆ. ಆಮೇಲೆ ನನಗೂ ಎರಡು ಸಲ ಏನೋ ಸರಿಯಿಲ್ಲ ಅನ್ನಿಸಿತ್ತು, ಅಭ್ಯಾಸದಲ್ಲಿ. ಇಳಿದುಬಿಟ್ಟೆ. ಯಾರ ಹತ್ತಿರವೂ ಹೇಳ್ಲಿಲ್ಲ."

ಬುಗುರಿ ಕುದುರೆಯ ಹೊಟ್ಟೆಯ ಕೆಳಗೆ ಬಗ್ಗಿ, ಸರಿಯಾಗೇ ಇದ್ದ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಚಾಂಪಿಯನ್‌ಶಿಪ್ಪಿಗೆ ಅವಳೂ ಹೋದಳು. ಹುಡುಗಿ ಬಿಡಲಿಲ್ಲ. ಅಭ್ಯಾಸದ ಅಂಗಳದ ಮೂಲೆಯಲ್ಲಿ ನಿಂತು ಒಂದೊಂದು ಸುತ್ತಿಗೂ ಕೈಯಲ್ಲೇ "ಸರಿ, ಸರಿ" ಎಂದು ಸನ್ನೆ ಮಾಡಿದಳು. ಅಂಕಣದಲ್ಲಿ ಹುಡುಗಿ ಇದ್ದ ಆರು ನಿಮಿಷ ಅವಳು ಬೇಲಿಯ ಗುಂಟ ಅತ್ತಿಂದಿತ್ತ ನಡೆದದ್ದೇ ನಡೆದದ್ದು. ಹಿಂದೆ ಕೂತಿದ್ದ ಮುದುಕರೊಬ್ಬರು "ಅಮ್ಮಾ, ಒಂದೋ ಅತ್ತ ಇರಿ, ಇಲ್ಲಾ ಇತ್ತ ಇರಿ" ಎಂದು ಬೇಡಿಕೊಂಡರು. ಬೂದಿಗೆ ಆರನೆಯ ಸ್ಥಾನ ಬಂತು. ಅವನ ಕೊನೆಯ ಪಂದ್ಯ ಅದು. ನಾಲ್ಕು ಕಾಲಿನ ಮೇಲೆ ನೆಟ್ಟಗೆ ನಡೆದುಕೊಂಡು ಹೊರಗೆ ಬಂದ.

ಬಹುಮಾನದ ಹೊತ್ತಿಗೆ ಹುಡುಗಿ ಅವಳಿಗಾಗಿ ಹುಡುಕಿದಳು. ಬುಗುರಿ ಆಗಲೇ ವ್ಯಾನಿನಲ್ಲಿದ್ದಳು. ಗಡಿಯಾಚೆಯ ಒಂದು ಲಾಯದಲ್ಲಿ ಕೆಂದು ಬಣ್ಣದ ಕುದುರೆಯೊಂದು ತಿರುವಿನಲ್ಲಿ ಹಿಂಜರಿಯುತ್ತಿದೆಯೆಂದು ಫೋನು ಬಂದಿತ್ತು. ಅಕ್ಕ ಬುತ್ತಿ ಕಟ್ಟಿಕೊಟ್ಟಿದ್ದ ಡಬ್ಬಿ ಪಕ್ಕದ ಸೀಟಿನಲ್ಲಿತ್ತು. ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು, ಇನ್ನೊಂದರಲ್ಲಿ ತಿನ್ನುತ್ತ, ಆ ಕುದುರೆಯ ಯಾವ ಕಾಲಿರಬಹುದು ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದಳು.